ಹುರಿ ಹಾಕಿದ ಬೆಳಕು

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಕನ್ನಡಿಯಮ್ಮ ಎಂದು. ಇಪ್ಪತ್ತೆರಡು ಪುಟ್ಟ ಕನ್ನಡಿಗಳನ್ನು ಕೂದಲೆಳೆಯಷ್ಟೂ ಅತ್ತಿತ್ತ ಆಗದಂತೆ ಕೂರಿಸುವುದು ಅವಳ ಕೆಲಸ. ಲೇಸರ್ ಬೆಳಕು ಅವುಗಳಿಗೆ ಬಡಿದು, ತಿರುಚಿಕೊಂಡು, ಗಾಜಿನ ಮೇಲಿಟ್ಟ ಅಂಗಾಂಶದ ತೆಳು ಪದರವನ್ನು ಹಾದು ಪರದೆಗೆ ಬರುತ್ತಿತ್ತು. ಅಲ್ಲಿ ಬಾಲವಿರುವ ಒಂದು ಸುರುಳಿ ಮೂಡುತ್ತಿತ್ತು. ಅಂಗಾಂಶ ಚೆನ್ನಾಗಿದ್ದರೆ ಬಾಲ ಗಡಿಯಾರದ ಹನ್ನೆರಡರ ಆಸುಪಾಸಿನಲ್ಲಿ ನಿಲ್ಲುತ್ತದೆ. ಕ್ಯಾನ್ಸರ್ ಹೊಕ್ಕಿದ್ದರೆ ಮೂರರ ಕಡೆ ತಿರುಗುತ್ತದೆ. ಇಷ್ಟೇ ವಿದ್ಯೆ. ಇಷ್ಟಕ್ಕೇ ಒಂಬತ್ತು ವರ್ಷ ಹಿಡಿದಿತ್ತು.

ಇದನ್ನು ದರ್ಜಿಯಾದ ಅಣ್ಣನಿಗೆ ತಿಳಿಸಿ ಹೇಳುವುದು ಅವಳಿಗೆ ಕಷ್ಟವಾಗಿರಲಿಲ್ಲ. ಸಾದಾ ಬೆಳಕು ಮೈಯೊಳಗೆ ಚೆಲ್ಲಾಪಿಲ್ಲಿಯಾಗುತ್ತದೆ, ತಿರುಚಿದ್ದು ತನ್ನ ತಿರುವನ್ನು ಉಳಿಸಿಕೊಂಡು ಆಚೆ ಬರುತ್ತದೆ ಎಂದಾಗ, ಹುರಿ ಹಾಕಿದ ದಾರವೂ ಹಾಗೇ ಎಂದು ಅವನೇ ಮಾತು ಮುಗಿಸಿದ್ದ. ಅಪ್ಪ ಅಮ್ಮ ಹೋದಮೇಲೆ ಹೊಲಿಗೆ ಯಂತ್ರ ತುಳಿದು ತುಳಿದು ಅವಳನ್ನು ಓದಿಸಿದವನು ಅವನು. ಅವಳ ಕೆಲಸದಲ್ಲಿ ಅವನಿಗೆ ಬಲು ಇಷ್ಟವಾದದ್ದು ಒಂದೇ ಸಂಗತಿ: ಬಂದ ಉತ್ತರ ಪ್ರಯೋಗಾಲಯದ ಮುಖ್ಯಸ್ಥರಿಗೆ ಹಿಡಿಸದಿದ್ದರೆ, ಕನ್ನಡಿಯಲ್ಲಿ ಧೂಳಿದೆ ಎಂದು ಎಲ್ಲವನ್ನೂ ಅವಳಿಂದ ಸ್ಪಿರಿಟ್ ಹಾಕಿ ಒರೆಸಿಸುತ್ತಿದ್ದರು. ಅಂಥ ದಿನ ಅವಳು ಮನೆಗೆ ಬಂದರೆ ಕೈಯ ವಾಸನೆಗೇ ಅವನಿಗೆ ಗೊತ್ತಾಗುತ್ತಿತ್ತು. ಇವತ್ತು ದೊಡ್ಡೋರ ಲೆಕ್ಕ ತಪ್ಪಿತು ಎಂದು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ಹೋದ ವರ್ಷ ಅವನ ಲಿವರ್‌ನಿಂದ ಒಂದು ಕ್ಯಾನ್ಸರ್ ಗೆಡ್ಡೆ ತೆಗೆದಿದ್ದರು. ಈಗ ಅಲ್ಲೇ ಇನ್ನೊಂದು ನೆರಳು ಕಂಡಿತ್ತು. ಹಳೆಯ ಗಾಯದ ಕಲೆಯಾದರೆ ಬಚಾವು. ಗೆಡ್ಡೆಯೇ ಆದರೆ ಇನ್ನು ತಾವು ಮಾಡುವಂಥದ್ದು ಏನೂ ಇಲ್ಲ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಸೂಜಿ ಚುಚ್ಚಿ ತೆಗೆದ ಚೂರಿನ ವರದಿ ಬರಲು ಒಂದು ವಾರ ಬೇಕಿತ್ತು. ಅಣ್ಣನಿಗೆ ಅಷ್ಟು ತಾಳ್ಮೆ ಇರಲಿಲ್ಲ, ಅವಳಿಗಂತೂ ಮೊದಲೇ ಇಲ್ಲ. ನಿನ್ನ ಬೆಳಕಿನಲ್ಲೇ ನೋಡಿ ಹೇಳು ಎಂದ. ಅವಳು ಆಸ್ಪತ್ರೆಯವರ ಕೈಕಾಲು ಹಿಡಿದು ಆ ಚೂರಿನ ಒಂದು ಪದರವನ್ನು ಗಾಜಿನ ಮೇಲೆ ಇಸಿದುಕೊಂಡು ಬಂದಳು.

ಎಲ್ಲರೂ ಊಟಕ್ಕೆ ಹೋದ ಹೊತ್ತಿನಲ್ಲಿ ಗಾಜನ್ನು ಇಟ್ಟಳು. ಬಾಲ ನೆಟ್ಟಗೆ ಮೂರಕ್ಕೆ ಹೋಗಿ ನಿಂತಿತು.

ಧೂಳಿರಬೇಕು ಎಂದುಕೊಂಡಳು. ಇಪ್ಪತ್ತೆರಡನ್ನೂ ಒರೆಸಿದಳು. ಮೂರು. ಮತ್ತೆ ಒರೆಸಿದಳು. ಮೂರೇ. ಯಂತ್ರದ ಪರೀಕ್ಷೆಗೆಂದು ಇಟ್ಟಿದ್ದ ರೋಗವಿಲ್ಲದ ಪದರ ಹಾಕಿದರೆ ಹನ್ನೆರಡು. ಯಂತ್ರ ಸರಿಯಾಗಿಯೇ ಇತ್ತು, ಹಾಳಾದ್ದು. ಏಳನೆಯ ಸಲ ಒರೆಸಿಯಾದ ಮೇಲೆ ಅವಳ ಬೆರಳು ತಾನಾಗಿ ಕೊನೆಯ ಕನ್ನಡಿಯ ತಿರುಪಿಗೆ ಹೋಯಿತು. ಕಾಲು ಸುತ್ತು ತಿರುಗಿಸಿದಳು. ಬಾಲ ಹನ್ನೆರಡಕ್ಕೆ ಬಂತು. ಸುಳ್ಳೆಂದು ಗೊತ್ತಿದ್ದೂ ಅವಳು ಅದನ್ನು ಕಣ್ತುಂಬ ನೋಡಿದಳು. ಆಮೇಲೆ ತಿರುಪನ್ನು ಮೊದಲಿನ ಜಾಗಕ್ಕೆ ತಂದು, ಗಾಜನ್ನು ತೆಗೆದುಕೊಂಡು ಕೂತಲ್ಲೇ ಅತ್ತಳು. ಒಂಬತ್ತು ವರ್ಷ ಕಷ್ಟಪಟ್ಟು ಕಲಿತದ್ದು ಈ ಕೆಟ್ಟ ಸುದ್ದಿಯನ್ನು ಎಲ್ಲರಿಗಿಂತ ಒಂದು ವಾರ ಮೊದಲು ತಿಳಿಯುವುದಕ್ಕೋ ಎನಿಸಿ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಹೊರಡುವ ಮೊದಲು ಸೋಪು ಹಾಕಿ ಕೈಯನ್ನು ಮೂರು ಸಲ ತೊಳೆದಳು. ಇವತ್ತು ಕರೆಂಟು ಇರಲಿಲ್ಲ, ನಾಳೆ ನೋಡೋಣ ಎನ್ನುವುದೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಳು. ಅಣ್ಣ ಕಿಟಕಿಯ ಬಳಿ ಕೂತು ಯಾರದೋ ಅಂಗಿಗೆ ಗುಂಡಿ ಹಾಕುತ್ತಿದ್ದ. ಕರೆಂಟಿನ ಮಾತು ಹೇಳುತ್ತಲೇ ಅವನಿಗೆ ನೀರಿನ ಲೋಟ ಕೊಟ್ಟಳು. ಅವನು ಲೋಟವನ್ನು ಪಕ್ಕಕ್ಕಿಟ್ಟು ಅವಳ ಕೈಯನ್ನು ಮೂಗಿನ ಹತ್ತಿರ ತಂದುಕೊಂಡ. ಈ ಸಲ ನಗಲಿಲ್ಲ.

"ಎಷ್ಟ್ ಸಲ ಒರೆಸಿದೆ, ಪುಟ್ಟಿ?"

"ಏಳ್ ಸಲ, ಅಣ್ಣಾ."

ಅವನು ತಲೆಯಾಡಿಸಿದ. ಅಂಗಿಗೆ ಇನ್ನೆರಡು ಗುಂಡಿ ಬಾಕಿ ಇದ್ದವು. ಸೂಜಿಗೆ ದಾರ ಪೋಣಿಸಲು ಹೋದ, ಆಗಲಿಲ್ಲ. ಅವಳು ಸೂಜಿಯನ್ನು ತೆಗೆದುಕೊಂಡಳು. ಅವಳಿಂದಲೂ ಆಗಲಿಲ್ಲ.