ಫಿಜೋವಾ ಬೀಳುವ ಹೊತ್ತು

ಅಲ್ಲಾಡಿತು — ಇಲ್ಲ, ಅಲ್ಲಾಡಿದ್ದು ಎಲೆ, ಹಣ್ಣು ಇದ್ದಲ್ಲೇ ಇದೆ, ಬಾಯಿ ಇನ್ನೂ ದೊಡ್ಡದಾಗಿ ತೆಗೀರಿ ಎಂದು ಹಲ್ಲಿನ ಡಾಕ್ಟರ್ ಕಿಟಕಿಗೆ ಹೇಳಿದ, ಕುರ್ಚಿಯಲ್ಲಿ ಒರಗಿದ್ದ ಡ್ರೈವಿಂಗ್ ಸ್ಕೂಲಿನ ಯಜಮಾನರು ತಮಗೇ ಹೇಳಿದ್ದೆಂದುಕೊಂಡು ತೆಗೆದರು, ಮುರಿದ ಮುಂದಿನ ಹಲ್ಲು, ಅದಕ್ಕೊಂದು ತುಂಡು ಅಂಟಿಸಬೇಕು, ಅಂಟಿಸುವುದು, ಅಯ್ಯೋ ಆ ಮಾತೇ ಬೇಡ, ಮನೆಯಲ್ಲೇ ಇರುವ ಕ್ಲಿನಿಕ್ಕಿನ ಕಿಟಕಿಯಾಚೆ ಹಿತ್ತಲಲ್ಲಿ ಡಾಕ್ಟರನ ಹೆಂಡತಿ ಸ್ಟೂಲು ಹಾಕಿಕೊಂಡು ಹಣ್ಣಿನ ಕೆಳಗೆ ಬೊಗಸೆ ಒಡ್ಡಿ ಕೂತಿದ್ದಾಳೆ, ಮಧ್ಯಾಹ್ನ ಅಕ್ಕನ ಮನೆಯಿಂದ ಬಂದವಳು ಚೀಲ ಇಳಿಸಿ ನೇರ ಫಿಜೋವಾ ಗಿಡದ ಬುಡಕ್ಕೆ, ಗಂಡ ಊಟ ಮಾಡಿದನೇ ಎಂದಲ್ಲ, ಬಿತ್ತಾ ಎಂದು ಕೇಳಿದ್ದು, ಇಲ್ಲ ಕಣೇ ಎಂದ ಅವನು, ಅದೇನು ಪೂರ್ತಿ ಸುಳ್ಳಲ್ಲ, ಬಿದ್ದಿಲ್ಲವಲ್ಲ, ಪಾಪ, ವರ್ಷಗಟ್ಟಲೆ ಸಾಕಿದ ಗಿಡ, ಪೇರಲೆಯ ದೂರದ ನೆಂಟ ಎಂದು ನರ್ಸರಿಯವನು ಕೊಟ್ಟದ್ದು, ನೆಂಟರ ಹಾಗೇ ಬಂದು ಕೂತಿತು, ತಿಂದಿತು, ಕುಡಿಯಿತು, ಬೇಸಿಗೆಯಲ್ಲಿ ಬುಡಕ್ಕೆ ಒಣಹುಲ್ಲಿನ ಹಾಸಿಗೆಯನ್ನೂ ಹಾಕಿಸಿಕೊಂಡಿತು, ಕೊಟ್ಟದ್ದು ಮಾತ್ರ ಏನೂ ಇಲ್ಲ, ಒಂಟಿ ಗಿಡ ಕಾಯಿ ಕಟ್ಟಲ್ಲ, ಜೋಡಿ ಬೇಕು ಎಂದು ಯಾರೋ ಹೇಳಿದ ಮೇಲೆ ಬೇರೆ ತಳಿಯ ಇನ್ನೊಂದನ್ನು ತಂದು ಕುಂಡದಲ್ಲಿ ಪಕ್ಕಕ್ಕಿಟ್ಟಳು, ಹೂ ಬಿಟ್ಟಾಗ ಕೆಂಪು ಕೇಸರಗಳ ಮೇಲಿನ ಹಳದಿ ಪುಡಿಯನ್ನು ಕುಂಚದಲ್ಲಿ ಬಳಿದು ಇದರಿಂದ ಅದಕ್ಕೆ, ಅದರಿಂದ ಇದಕ್ಕೆ, ಮದುವೆ ದಲ್ಲಾಳಿಯ ಹಾಗೆ ಓಡಾಡಿದಳು, ಕಡೆಗೆ ಕಚ್ಚಿದ್ದು ಒಂದು, ಒಂದೇ ಒಂದು ಕಾಯಿ, ಅವಳಕ್ಕ ಫೋನಿನಲ್ಲಿ — ಆ ಮೂಗಿನ ದನಿಯನ್ನು ಅವನು ಮನಸ್ಸಿನಲ್ಲೇ ಅಣಕಿಸಿದ — ಅದೆಂಥದ್ದೇ ನಿನ್ನ ಗಿಡ, ಎಲೆ ಬಿಡೋದು ಬಿಟ್ರೆ ಬೇರೇನೂ ಬಿಡಲ್ವಲ್ಲ, ಆ ಅಕ್ಕನ ಬಾಯಿಗೆ ಈ ಹಣ್ಣಿನ ಅರ್ಧ ಹೋಳನ್ನು ಇಟ್ಟು ಸುಮ್ಮನಾಗಿಸಬೇಕು, ಹೆಂಡತಿಯ ಬಾಳಿನ ಗುರಿ ಸದ್ಯಕ್ಕೆ ಅದೊಂದೇ, ಹಣ್ಣಾದ್ರೂ ಹಸಿರಾಗೇ ಇರುತ್ತೆ ರೀ, ಕಿತ್ರೆ ಹುಳಿ, ತಾನಾಗೇ ಬಿದ್ರೇ ರುಚಿ, ದಯವಿಟ್ಟು ಮುಟ್ಟಬೇಡಿ, ನಿಮ್ಮದು ಕೀಳೋ ಕೈ, ಎಂದು ಅಕ್ಕನ ಮನೆಗೆ ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದ್ದಳು.

ಮುಟ್ಟಿದ್ದು ಅವನಲ್ಲ, ಬೆರಳು. ಇವತ್ತು ಬೆಳಿಗ್ಗೆ ಕಾಫಿ ಲೋಟ ಹಿಡಿದು ಹೋದ, ನೋಡೋಣ ಎಂದಷ್ಟೇ, ಸಡಿಲವಾಗಿದೆಯೇ ಎಂದು ಹೆಬ್ಬೆರಳೂ ತೋರುಬೆರಳೂ ಹಿಡಿದವು, ಹಿಡಿದ ಮೇಲೆ ಮಣಿಕಟ್ಟು ತನ್ನ ಪಾಡಿಗೆ ತಾನು ಕೆಲಸ ಶುರುಮಾಡಿತು, ಸ್ವಲ್ಪ ಹೊರಗೆ, ಸ್ವಲ್ಪ ಒಳಗೆ, ಒಂದು ಸಣ್ಣ ತಿರುವು, ಟಕ್ — ಆಯ್ತು, ಉಗುಳಿ, ಎಂದ ಗಿಡಕ್ಕೆ, ಗಿಡ ಉಗುಳಲಿಲ್ಲ, ಉಗಿಯುವವಳು ಮಧ್ಯಾಹ್ನದ ಬಸ್ಸಿಗೆ ಬರುವವಳಿದ್ದಳು, ಅಂಗೈಯಲ್ಲಿ ಹಣ್ಣು ಬೆಚ್ಚಗೆ ಕೂತಿತ್ತು, ಮುಂದಿನದನ್ನು ಬೇರೆಯವರು ಮಾಡಿದ್ದರೆ ಹುಚ್ಚು ಎನ್ನುತ್ತಿದ್ದ, ಅವನಿಗೆ ಅದು ದಿನದ ಕೆಲಸ, ಅಪಘಾತದಲ್ಲಿ ಕಳಚಿ ಬಂದ ಹಲ್ಲನ್ನು ಕೂರಿಸಿಲ್ಲವೇ, ತೊಟ್ಟು ಒಣಗಿಸು, ಸುತ್ತ ಹತ್ತಿ ಇಡು, ಸಣ್ಣ ತಂತಿಯಿಂದ ಪಕ್ಕದ ರೆಂಬೆಯ ಆಸರೆ ಕೊಡು, ಅಂಟು ಹಚ್ಚು, ನೀಲಿ ದೀಪ ಹಿಡಿ, ಕಲ್ಲಾಯಿತು, ಅಂಟಿನ ಬಣ್ಣವೋ ಹಲ್ಲಿನ ಬಣ್ಣ, ತೊಟ್ಟಿಗೊಂದು ಬಿಳಿ ಬಳೆ ತೊಡಿಸಿದ ಹಾಗೆ, ಅದರ ಮೇಲೂ ತಂತಿಯ ಮೇಲೂ ಸೊಪ್ಪು ಅರೆದು ಬಳಿದ, ಎರಡು ಗಂಟೆ ಏನೂ ತಿನ್ನಬೇಡಿ ಎಂದೂ ಹೇಳಿ ಬಂದ.

ಗಾಳಿ, ಈಗ ಜೋರು ಗಾಳಿ, ತಂತಿಯ ಮೇಲಿನ ಟವೆಲು ಹಾರಿತು, ಎಲೆ ಉದುರಿತು, ಕುಂಡದ ಗಿಡ ಅಡ್ಡಬಿತ್ತು, ಹಣ್ಣು ಮಿಸುಕಲಿಲ್ಲ, ಅಷ್ಟು ಒಳ್ಳೆಯ ಕೆಲಸ ಅವನು ಯಾವ ಬಾಯಲ್ಲೂ ಮಾಡಿರಲಿಲ್ಲ, ಹೆಂಡತಿ ಕಿಟಕಿಗೆ ಬಂದಳು, ನೋಡಿದ್ರಾ ರೀ, ಎಷ್ಟು ಗಟ್ಟಿಯಾಗಿ ಹಿಡ್ಕೊಂಡಿದೆ, ನಾನಿಲ್ಲದಾಗ ಬಿದ್ದುಬಿಡುತ್ತೇನೋ ಅಂತ ಅಕ್ಕನ ಮನೇಲಿ ನಿದ್ದೆನೇ ಬರಲಿಲ್ಲ, ನನಗೋಸ್ಕರ ಕಾದಿದೆ, ಎನ್ನುತ್ತಾಳೆ, ಕಣ್ಣಂಚಿನಲ್ಲಿ ನೀರು, ಹೇಳಿಬಿಡಬೇಕು, ಈಗಲೇ, ಅವನು ಬಾಯಿ ತೆರೆದ, ಯಜಮಾನರದ್ದು ಮೊದಲೇ ತೆರೆದಿತ್ತು, ಇಬ್ಬರಿಂದಲೂ ಆ ಎನ್ನುವುದಕ್ಕಿಂತ ಹೆಚ್ಚೇನೂ ಹೊರಡಲಿಲ್ಲ, ಅಕ್ಕಂಗೆ ಫೋನ್ ಮಾಡಿದೀನಿ, ಸಾಯಂಕಾಲ ಬರ್ತಾಳೆ, ಹಣ್ಣು ಬೀಳೋವರೆಗೂ ಇಲ್ಲೇ ಇರು ಅಂದಿದೀನಿ, ಒಂದೆರಡು ದಿನ ತಾನೇ, ಎಂದು ಅವಳು ತಿರುಗಿ ಗಿಡದ ಕಡೆ ಹೋದಳು — ಬೀಳೋವರೆಗೂ, ಆ ಮೂಗಿನ ದನಿ, ಬೆಳಿಗ್ಗೆಯೂ ರಾತ್ರಿಯೂ, ಬೀಳೋವರೆಗೂ — ನೀಲಿ ದೀಪ ಆರಿಸಿದ, ಯಜಮಾನರು ಕನ್ನಡಿಯಲ್ಲಿ ನೋಡಿಕೊಂಡು, ನಾಲಿಗೆಯಿಂದ ತಡವಿ, ಡಾಕ್ಟ್ರೇ, ಇದು ಬಿದ್ದುಹೋಗಲ್ಲ ತಾನೇ ಎಂದರು, ಹತ್ತು ವರ್ಷ ಏನೂ ಆಗಲ್ಲ ಎಂದ, ಆ ಮಾತನ್ನು ಅವನು ಇಷ್ಟು ದುಃಖದಿಂದ ಎಂದೂ ಹೇಳಿರಲಿಲ್ಲ, ಯಾರೂ ಇಲ್ಲದಾಗ ಹೋಗಿ ಕೊರೆದುಬಿಡಲೇ, ಕೊರೆಯುವ ಯಂತ್ರದ ಕಿರುಚಾಟಕ್ಕೆ ಬೀದಿಯೇ ಬಂದು ನಿಂತೀತು, ಹಣ್ಣು ಕೊಳೆತೀತು, ತೊಟ್ಟು ಬಿಡದು, ಹೇಳಲೇ, ಊಟವಾದ ಮೇಲೆ, ಇಲ್ಲ, ಅಕ್ಕ ಬರುವ ಮುಂಚೆ, ಏನೆಂದು ಹೇಳುವುದು, ಅಗೋ ಕೂತಳು, ಒಡ್ಡಿದಳು, ಕೈ ಸೋತಿತೇನೋ, ತೊಡೆಯ ಮೇಲೆ ಇಳಿಸಿದಳು, ಹಣ್ಣು ಎಲ್ಲಿ ಬಿದ್ದುಬಿಡುತ್ತದೋ ಎಂದು ಹೆದರಿದವಳ ಹಾಗೆ ಮತ್ತೆ ಎತ್ತಿದಳು, ಮೇಲೆ ಹಣ್ಣು, ಕೆಳಗೆ ಬೊಗಸೆ, ನಡುವೆ ಗೇಣುದ್ದದ ಗಾಳಿ, ಹಣ್ಣು, ಬೊಗಸೆ, ಹಣ್ಣು, ಬೊಗಸೆ —