ಕನ್ನಡಿ ಅಜ್ಜಿಯ ಗೋಧಿಗೆ ಬಾಯಾರಿತು

ಆಕೆಯನ್ನು ಊರವರೆಲ್ಲ ಕರೆಯುವುದು ‘ಕನ್ನಡಿ ಅಜ್ಜಿ’ ಎಂದೇ. ಅಜ್ಜಿಯ ಹೊಲದಲ್ಲಿ ಒಂದು ಕಡ್ಡಿ ಕಸ ಕಾಣುವಂತಿಲ್ಲ. ಕೊಯ್ಲು ಮುಗಿದರೆ ಹುಲ್ಲಿಗೆ ಬೆಂಕಿ, ಬೂದಿಗೆ ಪೊರಕೆ! ಹೊಲ ಕನ್ನಡಿಯ ಹಾಗೆ ಫಳಫಳ.

ಈ ವರ್ಷ ಮಳೆ ಕೈಕೊಟ್ಟಿತು. ತೆನೆ ಹೊರಡುವ ಹೊತ್ತಿಗೆ ಗೋಧಿಯ ಎಲೆಗಳು ಸುರುಳಿ ಸುತ್ತಿ ಹಳದಿಯಾದವು. ತವರಿನಿಂದ ತಂದ ತಳಿ ಅದು, ಇದ್ದ ಬೀಜವನ್ನೆಲ್ಲ ಬಿತ್ತಿಯಾಗಿತ್ತು. ಬೆಳೆ ಹೋದರೆ ತಳಿಯೇ ಹೋದಂತೆ. ಯೂರಿಯಾ ಬುಟ್ಟಿ ಎತ್ತಿಕೊಂಡು ಹೊಲಕ್ಕಿಳಿದಳು.

“ಅಜ್ಜೀ, ನಿಲ್ಲಿ! ಒಣಮಣ್ಣಿಗೆ ಅದನ್ನ ಸುರೀಬೇಡಿ!” ಪಕ್ಕದ ಹೊಲದ ಟೈಲರಮ್ಮ ಓಡಿ ಬಂದಳು. ರೇಡಿಯೊ ಹಾಕಿಕೊಂಡೇ ಬಟ್ಟೆ ಹೊಲಿಯುವ ಆಕೆ ಬೇಸಾಯದ ಕಾರ್ಯಕ್ರಮ ಒಂದನ್ನೂ ಬಿಟ್ಟವಳಲ್ಲ.

“ಪಾಪ, ಹಸಿದಿದೆ ಕಣೇ. ಊಟ ಹಾಕೋದೂ ತಪ್ಪಾ?”

“ಅದಕ್ಕೆ ಬಾಯಾರಿದೆ ಅಜ್ಜಿ. ನೀರೇ ಇಲ್ದೆ ಬೇರು ಗೊಬ್ಬರ ಹೀರೋದು ಹೇಗೆ? ಇನ್ನಷ್ಟು ಸೊರಗುತ್ತೆ. ಬನ್ನಿ, ನನ್ನ ಮಣ್ಣು ಮುಟ್ಟಿ ನೋಡಿ.”

ಟೈಲರಮ್ಮನ ಹೊಲದಲ್ಲಿ ಕಾಲಿಟ್ಟಲ್ಲೆಲ್ಲ ಹಾಸಿದ ಒಣಹುಲ್ಲು. “ಇದೇನು ಹೊಲಾನೋ ತಿಪ್ಪೇನೋ?” ಎಂದು ಮೂಗು ಮುರಿಯುತ್ತಲೇ ಅಜ್ಜಿ ಕೈ ಹಾಕಿದಳು. ಮಣ್ಣು ತಣ್ಣಗಿತ್ತು, ಪುಡಿಪುಡಿಯಾಗಿತ್ತು. ಅದೇ ಬಿಸಿಲಿಗೆ ಇಲ್ಲಿಯ ಗೋಧಿ ಹಸಿರಾಗಿ ನಿಂತಿತ್ತು. ತನ್ನ ಹೊಲದಲ್ಲೋ ಉಗುರೂ ಇಳಿಯುವುದಿಲ್ಲ. ಅಜ್ಜಿಗೆ ಈಗ ನಿಜಕ್ಕೂ ಭಯವಾಯಿತು.

“ಬಿತ್ತೋಕೆ ಮುಂಚೆ ಚೆನ್ನಾಗಿ ಕೊಳೆತ ಗೊಬ್ಬರ ಸೇರಿಸಿದ್ದೆ. ಅದು ನೀರು ಹಿಡಿದಿಡುತ್ತೆ, ಬೇರು ಆಳಕ್ಕೆ ಇಳಿಯುತ್ತೆ. ಮೇಲೆ ಹುಲ್ಲಿನ ಹೊದಿಕೆ ಇದ್ರೆ ತೇವ ಬೇಗ ಆರಲ್ಲ.”

“ಹಾಗಾದ್ರೆ ನನ್ನ ಬೆಳೆ ಕಥೆ ಮುಗೀತಾ?”

“ಯಾರಂದ್ರು? ಕಾಲುವೆ ನೀರಿನ ಸರದಿ ಒಂದು ಬಾಕಿ ಇದೆಯಲ್ಲ, ಈಗಲೇ ಬಿಡಿಸ್ಕೊಳ್ಳಿ. ತೆನೆ ಹೊತ್ತಲ್ಲಿ ನೀರು ತಪ್ಪಿದ್ರೆ ಕಾಳು ಜೊಳ್ಳಾಗುತ್ತೆ. ಆಮೇಲೆ ಸಾಲಿನ ನಡುವೆ ಹುಲ್ಲು ಹಾಸಿ. ನನ್ನ ಬಣವೆಯಿಂದಲೇ ತಗೊಂಡು ಹೋಗಿ.”

ನೀರು ಹಾಯಿಸಿ, ಮಗ, ಸೊಸೆ, ಅಜ್ಜಿ ಮೂವರೂ ಸೇರಿ ಹುಲ್ಲು ಹಾಸಿದರು. ‘ಕನ್ನಡಿ’ಗೆ ಕಸ ಬಿತ್ತೆಂದು ಊರವರು ನಕ್ಕರು. ಸುಳ್ಳೇಕೆ, ಟೈಲರಮ್ಮನಷ್ಟು ಬೆಳೆ ಬರಲಿಲ್ಲ. ಆದರೆ ಬೀಜಕ್ಕೆ ಬೇಕಾದಷ್ಟು ಗಟ್ಟಿ ಕಾಳು ಸಿಕ್ಕಿತು, ಮನೆಗೂ ಮಿಕ್ಕಿತು. ಅಜ್ಜಿ ಅದನ್ನು ಮಡಿಲಿಗೆ ಸುರಿದುಕೊಂಡು ಅತ್ತೇಬಿಟ್ಟಳು.

ಕೊಯ್ಲು ಮುಗಿದದ್ದೇ ತಡ, ಮಗ ಅಭ್ಯಾಸಬಲದಿಂದ ಕಡ್ಡಿಪೆಟ್ಟಿಗೆ ತೆಗೆದ.

“ಹಚ್ಚಿ ನೋಡು, ಕೈ ಮುರೀತೀನಿ!” ಅಜ್ಜಿ ಗುಡುಗಿದಳು. “ಗುಂಡಿ ತೋಡು ನಡಿ. ಈ ಹುಲ್ಲೆಲ್ಲ ಗೊಬ್ಬರ ಆಗ್ಬೇಕು.”

ರೈತ ಬಂಧುಗಳೇ, ಮಳೆ ನಮ್ಮ ಮಾತು ಕೇಳುವುದಿಲ್ಲ, ಮಣ್ಣು ಕೇಳುತ್ತದೆ. ಹುಲ್ಲು ಸುಡಬೇಡಿ, ಕೊಳೆಸಿ ಮಣ್ಣಿಗೆ ಉಣಿಸಿ. ನಾಳೆ ಬೆಳಗ್ಗೆ ನಿಮ್ಮ ಹೊಲದಲ್ಲೂ ಒಮ್ಮೆ ಕೈ ಹಾಕಿ ನೋಡಿ. ಉಗುರು ಇಳಿಯದಿದ್ದರೆ ಬೇರಾದರೂ ಹೇಗೆ ಇಳಿದೀತು?