ಮುಕ್ಕಾಂ ಪೋಸ್ಟ್ ಕ್ಯೋಟೊ

ಕ್ಯಾಲೆಂಡರ್ ತನ್ನ ಜಾಗದಲ್ಲಿಲ್ಲ, ಮಂಚದ ಮೇಲೆ ಬೋರಲು ಬಿದ್ದಿದೆ, ಜೇಡರ ಬಲೆ ತೆಗೆಯಲೆಂದು ಇಳಿಸಿ ಮರೆತಿದ್ದಾಳೆ ಲೀಲಾ, ಅದೂ ಸರಿಯಾಗಿ ಇವತ್ತೇ, ನನಗೆ ನವೆಂಬರ್ ಬೇಕಾದ ಹೊತ್ತಿಗೆ — ಹನ್ನೆರಡರಿಂದ ಹದಿನೆಂಟು, ಭಾನುವಾರದಿಂದ ಶನಿವಾರ, ಏಳು ದಿನ, ಜಪಾನಿನ ರೈಲು ಪಾಸಿನ ಏಳು ದಿನ, ಒಮ್ಮೆ ಶುರುವಾದರೆ ನಡುವೆ ನಿಲ್ಲುವಂತಿಲ್ಲ, ಹತ್ತಿದರೂ ಏಳು, ಮನೆಯಲ್ಲಿ ಮಲಗಿದರೂ ಏಳು — ಗೋಡೆಯ ಕಡೆ ನೋಡಿದರೆ ಓದುವ ಕನ್ನಡಕದಲ್ಲಿ ಬರೀ ಸುಣ್ಣದ ಮಸುಕು, ಗಡಿಯಾರವೂ ಮಸುಕು, ಹತ್ತು ಇಪ್ಪತ್ತೋ ಹತ್ತು ಇಪ್ಪತ್ತೈದೋ, ಹನ್ನೊಂದಕ್ಕೆ ಟಿಕೀಟು ಮಾಡಿಸಿಕೊಡುವ ಅಲ್ತಾಫ ಫೋನ್ ಮಾಡುತ್ತಾನೆ, ಮಾಸ್ತರ, ಇವತ್ತ ಹನ್ನೊಂದಕ್ಕ ಹೇಳಿಬಿಡ್ರಿ, ಅಲ್ಲಿ ಎಲಿ ಕೆಂಪಾಗೂ ಸೀಜನ್ ಐತಿ, ಖೋಲಿ ಸಿಗಾಂಗಿಲ್ಲ, ಎಷ್ಟ ಪಾಸು, ಎಲ್ಲಿ ಮುಕ್ಕಾಂ, ಎರಡೇ ಮಾತು. ಎರಡೇ ಮಾತು ಹೌದು. ಆದರೆ ನಿನ್ನೆ ಸಂಜೆಯಿಂದ ಈ ಮನೆಯಲ್ಲಿ ಯಾರೂ ಯಾರೊಂದಿಗೂ ಎರಡು ಮಾತು ಆಡಿಲ್ಲ, ಒಳಗಿನಿಂದ ಭಕ್ಕರಿ ಬಡಿಯುವ ಸಪ್ಪಳ ಮಾತ್ರ, ಪಟ್ ಪಟ್ ಪಟ್, ಇಬ್ಬರಿಗೆ ನಾಲ್ಕು ಭಕ್ಕರಿ ಸಾಕು, ನಾಲ್ಕು ಆಗಿ ಎಷ್ಟೋ ಹೊತ್ತಾಯಿತು, ಇನ್ನೂ ಬಡಿಯುತ್ತಲೇ ಇದ್ದಾಳೆ, ಸಿಟ್ಟನ್ನು ಹಿಟ್ಟಿನ ಮೇಲೆ ತೀರಿಸುತ್ತಿದ್ದಾಳೆ, ಬಡಿಯಲಿ. ನೀವ ಹೋಗಿ ಬರ್ರಿ, ನಾ ಇಲ್ಲೇ ಇರ್ತೀನಿ, ಅಂದುಬಿಟ್ಟಳಲ್ಲ.

ತಪ್ಪೆಲ್ಲ ಆ ತನಾಕಾನದು. ಎಂಬತ್ನಾಲ್ಕರಲ್ಲಿ, ಹೊಳೆಆಲೂರು ಸ್ಟೇಷನ್ನಿನಲ್ಲಿ ನಾನು ಮಾಸ್ತರನಾಗಿದ್ದಾಗ, ಟಿಕೀಟಿನ ಕಿಟಕಿಯಲ್ಲಿ ಒಂದು ಕೈ ಬಂತು, ನಾನು ದಿನವೂ ನೂರು ಸಲ ಕೇಳುವಂತೆ ತಲೆ ಎತ್ತದೆ ಕೇಳಿದೆ, ಎಲ್ಲೀ ತನಕಾ? — ಆ ಕಡೆಯಿಂದ ಯೆಸ್ ಯೆಸ್ ತನಾಕಾ ಎಂಬ ಹರ್ಷದ ಕೂಗು, ತಲೆ ಎತ್ತಿದರೆ ಬೆನ್ನಿಗೆ ಚೀಲ ಹಾಕಿಕೊಂಡ ಜಪಾನಿನವನು ಸೊಂಟದ ತನಕ ಬಗ್ಗಿ ನಮಸ್ಕರಿಸುತ್ತಿದ್ದಾನೆ, ಮಲಪ್ರಭೆಯ ದಂಡೆಯ ಈ ಊರಿಗೆ ತನ್ನ ಹೆಸರು ಹೇಗೆ ಗೊತ್ತಾಯಿತೆಂದು ಅವನಿಗೆ ಬೆರಗು, ಅವನು ಹೋಗಬೇಕಾದದ್ದು ಬಾದಾಮಿಗೆ, ಗಾಡಿ ಮಲ್ಲಾಪುರದಾಚೆ ಎಂಜಿನ್ ಕೆಟ್ಟು ನಿಂತಿತ್ತು, ಹಸಿದವನನ್ನು ಕ್ವಾರ್ಟರ್ಸಿಗೆ ಕರೆದುಕೊಂಡು ಹೋದೆ. ಲೀಲಾ ಜೋಳದ ಭಕ್ಕರಿ, ಝುಣಕ, ಶೇಂಗಾ ಚಟ್ನಿ ಬಡಿಸಿದಳು, ಅವನು ಮೊಣಕಾಲು ಮಡಚಿ ಕೂತು ಭಕ್ಕರಿಗೂ ಒಂದು ನಮಸ್ಕಾರ ಹಾಕಿದ, ಇವಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು, ಅಲ್ಲರಿ, ಇವನ ಹೆಸರ ಎಲ್ಲೀತನಕಾ ಅಂತ ಏನು, ಪಾಪ, ಯಾರ ಕೇಳಿದರೂ ಉತ್ತರ ಕೊಡಬೇಕಲ್ಲ ಇಂವಾ. ಆವತ್ತಿನಿಂದ ಅವನು ನಮ್ಮ ಮನೆಯಲ್ಲಿ ಎಲ್ಲೀತನಕಾ, ಪ್ರತಿ ಜನವರಿಗೆ ಅವನ ಕಾರ್ಡು ಬರುತ್ತದೆ, ಎಲ್ಲೀತನಕಾನ ಪತ್ರ ಬಂತು ನೋಡ್ರಿ ಎಂದು ಇವಳು ಅಂಗಳದಿಂದಲೇ ಕೂಗುತ್ತಾಳೆ, ಇಪ್ಪತ್ತೆರಡು ಕಾರ್ಡು, ಒಂದೂ ತಪ್ಪಿಲ್ಲ, ಎಲ್ಲದರಲ್ಲೂ ಅದೇ ಮಾತು, ಇಬ್ಬರೂ ಬನ್ನಿ, ನಮ್ಮೂರು ನಾರಾಕ್ಕೆ ಬನ್ನಿ.

ಹೋಗುವಾಗ ತನ್ನ ದೇಶದ ರೈಲುಗಳ ವೇಳಾಪಟ್ಟಿ ಕೊಟ್ಟು ಹೋದ, ಅಂಗೈಯಷ್ಟು ಪುಸ್ತಕ, ಊರ ಹೆಸರುಗಳ ಪಕ್ಕ ಪೆನ್ಸಿಲಿನಲ್ಲಿ ಇಂಗ್ಲಿಷ್ ಬರೆದು, ಒಂದಕ್ಷರ ಅವರ ಭಾಷೆ ನನಗೆ ಬಾರದು, ಆದರೆ ವೇಳಾಪಟ್ಟಿ ಓದಲು ಭಾಷೆ ಏಕೆ, ಅಂಕಿ ಇದ್ದಲ್ಲಿ ಗಾಡಿ ನಿಲ್ಲುತ್ತದೆ, ಗೆರೆ ಇದ್ದಲ್ಲಿ ನಿಲ್ಲದೆ ಹೋಗುತ್ತದೆ, ಅಷ್ಟೇ ತಾನೆ — ನಮ್ಮ ಮೀಟರ್ ಗೇಜಿನ ಪ್ಯಾಸೆಂಜರ್ ಎರಡು ತಾಸು ತಡವಾಗಿ ಬರುವ ಮಧ್ಯಾಹ್ನಗಳಲ್ಲಿ ನಾನು ಆ ಪುಸ್ತಕದಲ್ಲಿ ಒಂಬತ್ತು ಮೂರಕ್ಕೆ ಗಾಡಿ ಬಿಟ್ಟು ಒಂಬತ್ತು ಹದಿನೇಳಕ್ಕೆ ತಲುಪಿಸಿದ್ದೇನೆ, ನದಿ ದಾಟಿಸಿದ್ದೇನೆ, ಕ್ರಾಸಿಂಗ್ ಮಾಡಿಸಿದ್ದೇನೆ, ಒಂದು ಗಾಡಿಯೂ ತಡವಾಗಿಲ್ಲ. ಪುಸ್ತಕ ಹಳತಾಗಿದೆ, ಅಲ್ತಾಫ ಕಂಪ್ಯೂಟರಿನಿಂದ ಹೊಸ ಹಾಳೆ ತೆಗೆದುಕೊಟ್ಟಿದ್ದಾನೆ, ಎಲ್ಲಕ್ಕಿಂತ ಜೋರಿನ ನೊಝೊಮಿ ಗಾಡಿಗೆ ಪಾಸು ನಡೆಯುವುದಿಲ್ಲವಂತೆ, ಹಿಕಾರಿ ನಡೆಯುತ್ತದೆ, ನಡೆಯಲಿ, ನನಗೆ ಹಿಕಾರಿಯೇ ಹಳೆಯ ಪರಿಚಯ.

ಆ ಅಲ್ತಾಫನ ಮುಂದೆ ಎಂಥ ಫಜೀತಿ ಮಾಡಿಕೊಂಡೆ, ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ರೋಣದ ಬಸ್‌ಸ್ಟ್ಯಾಂಡಿನ ಎದುರು ಅವನ ಅಂಗಡಿ, ಹಜ್ ಯಾತ್ರೆಗೆ ಹೋಗುವವರ ಕಾಗದಪತ್ರ ಮಾಡಿಸುತ್ತ ಬೆಳೆದ ಅಂಗಡಿ, ಅವನಪ್ಪ ಮೈನುದ್ದೀನ ಹೊಳೆಆಲೂರು ಸ್ಟೇಷನ್ನಿಗೆ ಟಾಂಗಾ ಹೊಡೆಯುತ್ತಿದ್ದವನು, ನನ್ನ ಹಸಿರು ನಿಶಾನೆ ನೋಡಿಯೇ ಕುದುರೆ ಕಟ್ಟುತ್ತಿದ್ದವನು — ಪಾಸು ಬೇಕಾಗ್ತೈತ್ರಿ ಮಾಸ್ತರ ಅಂದ ಅಲ್ತಾಫ, ನಾನು ಗತ್ತಿನಿಂದ ಚೀಲದಿಂದ ತೆಗೆದು ಮುಂದಿಟ್ಟೆ, ರಿಟೈರ್ಡ್ ರೈಲ್ವೆ ನೌಕರನ ಪಾಸು, ಪತ್ನಿ ಸಮೇತ, ಮೊದಲ ದರ್ಜೆ, ಇದಕ್ಕ ಅವರ ಕಡೆ ಒಂದು ಸಿಕ್ಕಾ ಹೊಡಸಿದರ ಆತಲ್ಲೋ, ರೈಲ್ವೆ ಅಂದಮ್ಯಾಲೆ ರೈಲ್ವೆ. ಅಲ್ತಾಫ ನಗಲಿಲ್ಲ, ಬಹಳ ಮರ್ಯಾದೆಯ ಮನುಷ್ಯ, ಪಾಸನ್ನು ಎರಡೂ ಕೈಯಲ್ಲಿ ಹಿಡಿದು ನೋಡಿ, ಇದು ನಮ್ಮ ರೇಲ್ವೇದ್ದರಿ ಮಾಸ್ತರ, ಅವರದು ಕೊಳ್ಳೂ ಪಾಸು, ಇಲ್ಲೇ ಚೀಟಿ ತಗೊಂಡ ಹೋಗಬೇಕು, ಅಲ್ಲಿ ಇಳದಮ್ಯಾಲೆ ಪಾಸು ಕೊಡ್ತಾರ. ಮನೆಗೆ ಬಂದು ಹೇಳಿದರೆ ಲೀಲಾ ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡಳು, ಜಪಾನಿನ ರಾಜಾ ನಿಮ್ಮನ್ನ ಸ್ಟೇಷನ್ನಿಗೆ ಬಂದು ಕರಕೊಂಡ ಹೋಗ್ತಾನ ಅಂತ ತಿಳಿದಿದ್ರೇನು. ಆ ನಗು ಹೋದ ವಾರದ್ದು.

ನಿನ್ನೆ ಸಂಜೆ ಚಹದ ಹೊತ್ತಿಗೆ ನನ್ನ ಯೋಜನೆ ಓದಿ ಹೇಳಿದೆ, ಏಳು ದಿನ, ಏಳು ಊರು, ಮೊದಲು ಒಸಾಕಾ, ಆಮೇಲೆ ಹಿರೋಶಿಮಾ, ಹಕಾತಾ, ಹೀಗೆ ಸುತ್ತಿ ಟೋಕಿಯೊ, ದಿನಕ್ಕೊಂದು ವಸತಿ, ಪಾಸಿನ ಒಂದು ತಾಸೂ ಹಾಳಾಗುವುದಿಲ್ಲ, ನಡುವೆ ನಾರಾದಲ್ಲಿ ತನಾಕಾನ ಮನೆಗೆ ಎರಡು ತಾಸು — ಇವಳು ಕಪ್ಪು ಕೆಳಗಿಟ್ಟಳು. ಎಲ್ಲೀತನಕಾಗ ಎರಡ ತಾಸು? ಏಳ ದಿನಾ ಏಳ ಸಲ ಗಂಟ ಕಟ್ಟೂದು, ಏಳ ಸಲ ಬಿಚ್ಚೂದು? ಒಂದ ಊರಾಗ ಮುಕ್ಕಾಂ ಮಾಡೂಣರಿ, ಆ ಕ್ಯೋಟೊ ಅಂತೀರಲ್ಲ, ಎಲ್ಲೀತನಕಾನ ಊರಿಗೆ ಹತ್ತರ, ಅಲ್ಲೇ, ಮುಂಜಾನೆ ಎಲ್ಲೆರೆ ಹೋಗೂಣು, ಸಂಜಿಕ್ಕ ಅದ ಖೋಲಿಗೆ ಬರೂಣು. ಹೋದ ಹಳಿಯ ಮೇಲೆಯೇ ತಿರುಗಿ ಬರುವುದೆ, ದಿನಾ, ಅದೇನು ಗದಗಿನ ಶಟಲ್ ಗಾಡಿಯೆ ಎಂದೆ, ಜೋರಾಗಿಯೇ ಅಂದೆ, ರೈಲಿನ ವಿಷಯ ನಿನಗೇನು ತಿಳೀತದ ಅಂತಲೂ ಅಂದೆ, ಅದನ್ನು ಅನ್ನಬಾರದಿತ್ತು. ಮೂವತ್ತಾರು ವರ್ಷದ ನೌಕರಿ, ಒಂಬತ್ತು ಸ್ಟೇಷನ್, ಗಂಟು ಕಟ್ಟಿದವಳು ಅವಳು, ವರ್ಗಾವಣೆಯ ತಂತಿ ಬಂದ ದಿನ ನಾನು ಚಾರ್ಜ್ ಕೊಡುವ ಗಡಿಬಿಡಿಯಲ್ಲಿ, ಅವಳು ಒಬ್ಬಳೇ ಟ್ರಂಕು, ಭಾಂಡಿ, ಹಾಸಿಗೆ, ಲಚ್ಯಾಣದಿಂದ ಗುಳೇದಗುಡ್ಡ ರೋಡಿಗೆ, ಅಲ್ಲಿಂದ ಮಲ್ಲಾಪುರಕ್ಕೆ, ಹೊಸ ಕ್ವಾರ್ಟರ್ಸಿನ ಬಾಗಿಲು ತೆಗೆದವಳೇ ಕಸ ಗುಡಿಸುವ ಮೊದಲು, ಒಲೆ ಹೊತ್ತಿಸುವ ಮೊದಲು, ಟ್ರಂಕಿನ ಮೂಲೆಯಿಂದ ಮೊಳೆ ತೆಗೆದು ಕುಟ್ಟಾಣಿಯಿಂದ ಗೋಡೆಗೆ ಹೊಡೆಯುತ್ತಿದ್ದಳು, ನನ್ನ ಟೊಪ್ಪಿಗೆ ಅದಕ್ಕೆ ಸಿಕ್ಕಿಸಿ, ಹೂಂ, ಮನಿ ಆತು, ಅನ್ನುತ್ತಿದ್ದಳು, ಒಂದೇ ಮೊಳೆ, ಊರು ಬಿಡುವ ದಿನ ಕಟ್ಟಕಡೆಗೆ ಅದನ್ನೇ ಕೀಳುತ್ತಿದ್ದಳು. ಅಂಗಡ್ಯಾಗ ಬೇರೆ ಮೊಳಿ ಸಿಗಾಂಗಿಲ್ಲೇನ ಅಂತ ನಾನು ಚೇಷ್ಟೆ ಮಾಡುತ್ತಿದ್ದೆ. ಎರಡು ಸಾವಿರದ ಒಂದರಲ್ಲಿ ರಿಟೈರಾಗಿ ರೋಣದ ಈ ಸ್ವಂತ ಮನೆಗೆ ಬಂದ ದಿನ ಹೊಸ ಸುಣ್ಣದ ಗೋಡೆಗೆ ಅದೇ ಮೊಳೆ ಹೊಡೆದಳು, ಟೊಪ್ಪಿಗೆಯ ಕಾಲ ಮುಗಿದಿತ್ತು, ಕ್ಯಾಲೆಂಡರ್ ಹಾಕಿದಳು, ಇನ್ನ ಇದನ್ನ ಕೀಳಾಂಗಿಲ್ಲ ನೋಡ್ರಿ ನಾ, ಸತ್ತರೂ ಕೀಳಾಂಗಿಲ್ಲ.

ಅವಳು ಬರದಿದ್ದರೆ ಏನು ಮಾಡಲಿ, ಒಬ್ಬನೇ ಹೋಗಲೆ, ಹಿಕಾರಿ ಒಂಬತ್ತು ಮೂರಕ್ಕೆ ಸರಿಯಾಗಿ ಹೊರಟರೆ ನೋಡಿದ್ಯಾ ಎಂದು ಯಾರಿಗೆ ಹೇಳಲಿ, ತನಾಕಾ ಬಾಗಿಲಲ್ಲಿ ಬಗ್ಗಿದರೆ ಯಾರು ನಗಬೇಕು — ನನಗೆ ಅವಳಿಲ್ಲದೆ ಯಾವ ಸ್ಟೇಷನ್ನೂ ಗೊತ್ತಿಲ್ಲ, ಇದೇ ಖರೆ, ಆದರೆ ಹಿರೋಶಿಮಾ, ಹಕಾತಾ, ಸಮುದ್ರದ ಕೆಳಗಿನ ಸುರಂಗ, ಇಪ್ಪತ್ತೆರಡು ವರ್ಷ ಕಾಗದದ ಮೇಲೆ ಓಡಿಸಿದ್ದೇನೆ, ಒಂದು ಸಲ ಕಣ್ಣಿಂದ ನೋಡಬಾರದೆ, ಅವಳೇ ಒಪ್ಪಬೇಕು, ಯಾವಾಗಲೂ ಕೊನೆಗೆ ಒಪ್ಪುತ್ತಾಳೆ, ಈ ಸಲ ಒಪ್ಪುವಂತೆ ಕಾಣುವುದಿಲ್ಲ. ಹತ್ತು ಐವತ್ತು ಇರಬೇಕು. ಅಲ್ತಾಫನಿಗೆ ಪಾಸ್‌ಪೋರ್ಟಿನಲ್ಲಿದ್ದಂತೆ ಹೆಸರು ಬೇಕಂತೆ, ಒಂದು ಹೆಸರೋ ಎರಡೋ, ಪಾಸ್‌ಪೋರ್ಟು ಎತ್ತಿಟ್ಟಿರುವುದು ಅವಳು, ಕೇಳಲು ಬಾಯಿಲ್ಲ, ಅವಳ ಕಪ್ಪು ಕೈಚೀಲದಲ್ಲೇ ಇರುತ್ತದೆ, ಮಂಚದ ಕೆಳಗೆ, ಎಳೆದರೆ ಭಾರ, ಇದೇಕೆ ಇಷ್ಟು ಭಾರ, ಹದಿನೈದು ದಿನ ಮೊದಲೇ — ಮೇಲೆ ಪಾಸ್‌ಪೋರ್ಟು, ಎರಡೂ ಒಂದೇ ರಬ್ಬರ್ ಬ್ಯಾಂಡಿನಲ್ಲಿ, ಕೆಳಗೆ ನನ್ನ ಸ್ವೆಟರು, ಅವಳ ಸ್ವೆಟರು, ಚಟ್ನಿಪುಡಿಯ ಡಬ್ಬಿ, ಡಬ್ಬಿಯ ಮೇಲೆ ಕನ್ನಡದಲ್ಲಿ ಎಲ್ಲೀತನಕಾ ಎಂದು ಚೀಟಿ ಅಂಟಿಸಿದ್ದಾಳೆ, ಭಕ್ಕರಿಗೆಂದು ಒಗೆದ ಬಿಳಿ ಅರಿವೆ, ಹಾಗಾದರೆ ಒಳಗೆ ಬಡಿಯುತ್ತಿರುವುದು ಸಿಟ್ಟಲ್ಲ, ತಿಂಗಳಿಟ್ಟರೂ ಕೆಡದ ಖಡಕ್ ಭಕ್ಕರಿ — ಅರಿವೆಯ ಚುಂಗಿನಲ್ಲಿ ಏನೋ ಗಂಟು, ಬೆರಳಿಗೆ ಚುಚ್ಚಿತು, ಫೋನು ಹೊಡೆದುಕೊಳ್ಳುತ್ತಿದೆ, ಲೀಲಾ ಒಳಗಿನಿಂದ, ಎತ್ತ್ರಿ, ಅಲ್ತಾಫಂದ ಇರಬೇಕು, ನಾನು ಕನ್ನಡಕ ತೆಗೆದು ಗೋಡೆ ನೋಡುತ್ತೇನೆ, ಕ್ಯಾಲೆಂಡರ್ ಇದ್ದ ಚೌಕದ ಗುರುತಿನ ತಲೆಯ ಮೇಲೆ ಬರೀ ಒಂದು ತೂತು, ನೆಲದ ಮೇಲೆ ಒಂದು ಚಿಟಿಕೆ ಸುಣ್ಣ. ಏಳು ಊರಿಗೂ ಬರಲು ತಯಾರಾಗಿದ್ದಳು. ಏಳು ಸಲ ಹೊಡೆದು ಏಳು ಸಲ ಕೀಳಲು. ಫೋನು ಎತ್ತುತ್ತೇನೆ. ಮಾಸ್ತರ, ಎಲ್ಲಿ ಮುಕ್ಕಾಂರಿ? ಕ್ಯೋಟೊ, ಅಲ್ತಾಫ, ಏಳೂ ದಿನ ಕ್ಯೋಟೊ. ಎಷ್ಟ ಮಂದಿರಿ? ಇಬ್ಬರೋ, ಇಬ್ಬರೇ — ಹೋಟೆಲಿನವರು ಗೋಡೆ ಮುಟ್ಟಗೊಡುವುದಿಲ್ಲವಲ್ಲ, ಅವಳಿಗೆ ಹೇಗೆ ಹೇಳಲಿ, ಹೇಳುವುದು ಬೇಡ, ನಾನೇ ಅವರ ಮುಂದೆ ಸೊಂಟದ ತನಕ ಬಗ್ಗಿ ಕೇಳುತ್ತೇನೆ — ಹಲೋ, ಮಾಸ್ತರ, ಹಲೋ — ಅಂಗೈಯಲ್ಲಿ ಮೊಳೆ, ತುದಿ ಸ್ವಲ್ಪ ಬಾಗಿದೆ, ತಲೆ ಕುಟ್ಟಿ ಕುಟ್ಟಿ ಚಪ್ಪಟೆ, ನಮ್ಮ ಮನೆಯ ಸುಣ್ಣ ಇನ್ನೂ ಹತ್ತಿಕೊಂಡಿದೆ, ಮೊಳೆ, ಆ ಮೊಳೆ.